ಅಜ್ಜಯ್ಯ ಕಟ್ಟಿದ ಮಂಜಿ

ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಜಾಗದ ಪಕ್ಕ ಹಾದುಹೋದರೆ ಇವತ್ತಿಗೂ ಒಮ್ಮೊಮ್ಮೆ ರಾಳ ಕಾಯಿಸುವ ವಾಸನೆ ಬರುತ್ತದೆ. ರಾಳವನ್ನು ಎಣ್ಣೆಯಲ್ಲಿ ಕುದಿಸಿ ಹಲಗೆಯ ಸಂದಿಗೆ ಬಳಿಯುವುದು ಹಳೆಯ ಕ್ರಮ. ಆ ವಾಸನೆ ಹಿತವಾಗಿರುತ್ತದೆ ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ನನಗೆ ಮೈ ಉರಿಯುತ್ತದೆ.

ಹೋದ ತಿಂಗಳು ಅಲ್ಲಿನ ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದಿದ್ದರು. ಬದುಕಿರುವ ಹಳೆಯ ಮಾಸ್ಟ್ರುಗಳಲ್ಲಿ ನಾನೊಬ್ಬ, ಎರಡು ಮಾತಾಡಬೇಕಂತೆ. ದಾರಿಯಲ್ಲೇ ಆ ವಾಸನೆ ಮೂಗಿಗೆ ಹೊಡೆಯಿತು. ವೇದಿಕೆಯ ಮೇಲೆ, ಶಾಲೆ ಕಟ್ಟಿಸಿದ ದೊಡ್ಡ ಸಾವ್ಕಾರ್ರ ಪಟಕ್ಕೆ ಸೇವಂತಿಗೆ ಹಾರ ಹಾಕಿದ್ದರು. ಒಬ್ಬಳು ಪುಟ್ಟ ಹುಡುಗಿ ಅವರ ಔದಾರ್ಯದ ಬಗ್ಗೆ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದಳು. ನನ್ನ ಸರದಿ ಬಂದಾಗ ಎದ್ದು, "ಇವರ ಬಗ್ಗೆ ಒಳ್ಳೆಯ ಮಾತು ನನಗೆ ಬರುವುದಿಲ್ಲ" ಎಂದು ಮೈಕಿನಲ್ಲೇ ಹೇಳಿ ಮೆಟ್ಟಿಲಿಳಿದು ಬಂದೆ. ಮುದುಕನಿಗೆ ಅರಳುಮರಳು ಎಂದುಕೊಂಡಿರಬೇಕು. ಅಲ್ಲ. ನನ್ನ ತಲೆ ನೆಟ್ಟಗೇ ಇದೆ. ಯಾಕೆ ಹಾಗೆಂದೆ ಎಂದು ಕೇಳುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ, ಅದಕ್ಕೆ ಇಲ್ಲಿ ಹೇಳುತ್ತಿದ್ದೇನೆ.

ಯುದ್ಧ ಮುಗಿದ ಮರುವರ್ಷದ ಮಳೆಗಾಲ. ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಅದೇ ಶಾಲೆಯಲ್ಲಿ ಮಾಸ್ಟ್ರಾಗಿ ಸೇರಿ ಎರಡು ವರ್ಷವಾಗಿತ್ತು. ನನ್ನನ್ನು ಬ್ರಹ್ಮಾವರದ ಹೈಸ್ಕೂಲಿಗೆ ಕಳಿಸಿ ಓದಿಸಿದವರು ಸಣ್ಣ ಸಾವ್ಕಾರ್ರು, ಎಂದರೆ ಪಟದಲ್ಲಿದ್ದ ದೊಡ್ಡ ಸಾವ್ಕಾರ್ರ ಮಗ ಮಾಧವಯ್ಯ. ದಿನಾ ಮಾಬುಕಳದ ಹೊಳೆಯನ್ನು ದೋಣಿಯಲ್ಲಿ ದಾಟಿ, ಒದ್ದೆ ಚಡ್ಡಿಯಲ್ಲೇ ಇಂಗ್ಲಿಷ್ ಕಲಿತವನು ನಾನು. ನಮ್ಮ ಕೇರಿಯಲ್ಲಿ ಇಂಗ್ಲಿಷ್ ಓದಬಲ್ಲವರು ಆಗ ಬೇರೆ ಯಾರೂ ಇರಲಿಲ್ಲ. ಮಾಧವಯ್ಯನವರನ್ನು ಕಂಡರೆ ನಾನು ಎದ್ದು ನಿಲ್ಲುತ್ತಿದ್ದೆ, ಕೈ ಮುಗಿಯುತ್ತಿದ್ದೆ.

ನಮ್ಮದು ಮಂಜಿ ಕಟ್ಟುವ ಆಚಾರಿಗಳ ಮನೆ. ಮಂಜಿ ಎಂದರೆ ಹಾಯಿ ಕಟ್ಟಿ ಬೊಂಬಾಯಿಯವರೆಗೂ ಸರಕು ಒಯ್ಯುತ್ತಿದ್ದ ದೊಡ್ಡ ಮರದ ಹಡಗು. ಅಜ್ಜಯ್ಯ ಸುಬ್ಬಾಚಾರ್ರು ಒಂದು ಕಾಲಕ್ಕೆ ಆ ಕೆಲಸದಲ್ಲಿ ಹೆಸರು ಮಾಡಿದವರಂತೆ. ನಾನು ಕಂಡ ಅಜ್ಜಯ್ಯ ಬೇರೆ. ಹಿತ್ತಲಿನ ಮಾಡಿನ ಕೆಳಗೆ ಕೂತು, ತೆಂಗಿನ ಗೆರಟೆಗೆ ಹಿಡಿ ಹಾಕಿ ಸೌಟು ಮಾಡುತ್ತಿದ್ದ ಮುದುಕ. ಅವರಿಗೆ ಊಟ ಕೊಂಡೊಯ್ಯುತ್ತಿದ್ದವಳು ಅಮ್ಮ. ಅಪ್ಪಯ್ಯ ಅವರ ಹತ್ತಿರ ಮಾತಾಡಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ನಾನು ಒಂದನೇ ಕ್ಲಾಸಿಗೆ ಹೋಗುವ ವರ್ಷ ಅವರು ತೀರಿಕೊಂಡರು.

ಕಾರಣ ಊರಿಗೆಲ್ಲ ಗೊತ್ತಿತ್ತು. ಅಪ್ಪಯ್ಯ ಇನ್ನೂ ಹುಡುಗನಾಗಿದ್ದಾಗ ಅಜ್ಜಯ್ಯ ದೊಡ್ಡ ಸಾವ್ಕಾರ್ರಿಗೊಂದು ಮಂಜಿ ಕಟ್ಟಿಕೊಟ್ಟರು. ಹೆಂಚು ತುಂಬಿಕೊಂಡು ಹೊರಟ ಮೊದಲ ಪ್ರಯಾಣದಲ್ಲೇ, ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಅದು ಒಡೆದು ಮುಳುಗಿತು. ಮಂಜಿಯ ಆಳುಗಳಲ್ಲಿ ಈಜಿ ದಡ ಸೇರಿದವನು ಒಬ್ಬ ಖಲಾಸಿ ಮಾತ್ರ. ಉಳಿದವರೆಲ್ಲ ಹೋದರು. ಸುಬ್ಬಾಚಾರಿ ಒಳ್ಳೆಯ ಮರ ಮಾರಿಕೊಂಡು ಹುಳ ಹಿಡಿದ ಮರ ಹಾಕಿದ್ದ, ಅದಕ್ಕೇ ಮಂಜಿ ಒಡೆಯಿತು, ಅಂತ ದಡದ ಮೇಲೆ ಮಾತು ಹುಟ್ಟಿತು. ಅದಾದ ಮೇಲೆ ನಮ್ಮ ಮನೆಯವರ ಕೈಯಲ್ಲಿ ಒಂದು ಸಣ್ಣ ದೋಣಿಯನ್ನೂ ಯಾರೂ ಮುಟ್ಟಿಸಲಿಲ್ಲ. ಅಪ್ಪಯ್ಯ ಬಾಗಿಲು, ದಾರಂದ, ನೇಗಿಲು ಮಾಡಿ ನಮ್ಮನ್ನು ಸಾಕಿದರು. ಆ ಮಂಜಿಯ ತಂಡೇಲನ, ಎಂದರೆ ಅದನ್ನು ನಡೆಸುತ್ತಿದ್ದವನ, ಹೆಂಡತಿ ಸೀತಜ್ಜಿ ನಮ್ಮ ಮನೆಯ ಎದುರು ಹಾದುಹೋಗುವಾಗೆಲ್ಲ ಕ್ಯಾಕರಿಸಿ ಉಗುಳುತ್ತಿದ್ದಳು. ಮೀನಿನ ಬುಟ್ಟಿ ತಲೆಯ ಮೇಲಿದ್ದರೂ ನಿಂತು, ಉಗುಳಿಯೇ ಮುಂದೆ ಹೋಗುತ್ತಿದ್ದಳು. ನಮ್ಮ ಅಮ್ಮ ಅದನ್ನು ನೀರು ಹಾಕಿ ತೊಳೆಯುತ್ತಿದ್ದಳು. ಇದು ನಮ್ಮ ಮನೆಯ ದಿನಚರಿ.

ಯುದ್ಧ ಮುಗಿದ ಮೇಲೆ ಮಂಜಿಗಳಿಗೆ ಮತ್ತೆ ಬೇಡಿಕೆ ಬಂತು. ಹಂಗಾರಕಟ್ಟೆಯ ದಡದಲ್ಲಿ ಒಂದರ ಪಕ್ಕ ಒಂದು ಹೊಸ ಮಂಜಿಯ ತಳದ ಅಡಿಮರ ಬಿದ್ದಿತ್ತು. ಕೈ ಸಾಲದೆ ಭಟ್ಕಳದ ಕಡೆಯಿಂದಲೂ ಆಚಾರಿಗಳನ್ನು ಕರೆಸುತ್ತಿದ್ದರು. ನನ್ನ ತಮ್ಮ ಶೀನ ಮರ ಕೆತ್ತುವ ಬಾಚಿ ಹಿಡಿದರೆ ಮರ ಮೇಣದ ಹಾಗೆ ಬರುತ್ತಿತ್ತು. ಅವನೂ ಹೋಗಿ ಕೇಳಿದ. ಮೇಸ್ತ್ರಿ ಒಪ್ಪಿಕೊಂಡ. ಶೀನ ಒಂದು ಬೆಳಗ್ಗೆ ಕೆಲಸ ಮಾಡಿ ಮಧ್ಯಾಹ್ನ ಮನೆಗೆ ಬಂದ. ಮುಖ ಕಪ್ಪಿಟ್ಟಿತ್ತು.

"ಎಂತಾಯ್ತಾ?" ಎಂದೆ.

"ಖಲಾಸಿಗಳ್ ಬಂದ್ ಗಲಾಟಿ ಮಾಡ್ರ್. ಇವ ಮುಟ್ಟಿದ್ ಮಂಜಿ ನಾವ್ ಹತ್ತುದಿಲ್ಲೆ ಅಂದ್ರ್. ಮೇಸ್ತ್ರಿ ಬಾಚಿ ತಕಂಡ್ ಮನಿಗ್ ಹೋಗ್ ಅಂದ."

ಅಪ್ಪಯ್ಯ ಅಂಗಳದಲ್ಲಿ ಹಲಗೆ ಉಜ್ಜುತ್ತಿದ್ದರು. ತಲೆ ಎತ್ತಲಿಲ್ಲ. "ಅವ್ರ್ ಹೇಳುದ್ ಸರಿಯೇ ಇತ್ತಲೆ" ಎಂದರು.

ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಯಾರಾದರೂ ಹಾಗೆ ಹೇಳುತ್ತಾರೆಯೇ? ನನ್ನ ಸಿಟ್ಟು ಶುರುವಾದದ್ದು ಅಲ್ಲಿ. ಮಂಜಿಯ ಮೇಲಲ್ಲ, ಖಲಾಸಿಗಳ ಮೇಲಲ್ಲ, ಅಪ್ಪಯ್ಯನ ಮೇಲೆ. ಅಜ್ಜಯ್ಯ ನಿಜಕ್ಕೂ ಹಾಗೆ ಮಾಡಿದ್ದರೆ ಅದನ್ನಾದರೂ ಗಟ್ಟಿಯಾಗಿ ತಿಳಿದುಕೊಳ್ಳೋಣ, ಬಾಯಿಮಾತಿನ ಮೇಲೆ ಎಷ್ಟು ತಲೆಮಾರು ಸಾಯುವುದು ಎಂದು ಹಟ ಹಿಡಿದೆ.

ಮೊದಲು ಹೋದದ್ದು ಕುಂದಾಪುರದ ಒಂದು ವಾಚನಾಲಯಕ್ಕೆ. ಶನಿವಾರ ಶಾಲೆ ಬಿಟ್ಟ ಮೇಲೆ ಸಾಸ್ತಾನದವರೆಗೆ ನಡೆದು, ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಹತ್ತಬೇಕು. ಏರು ಬಂದಲ್ಲಿ ನಾವೇ ಇಳಿದು ದೂಡಬೇಕು. ಮಳೆ ಕೊಡೆಯನ್ನು ಲೆಕ್ಕಿಸುತ್ತಿರಲಿಲ್ಲ. ವಾಚನಾಲಯದ ಒಳಕೋಣೆಯಲ್ಲಿ ಹಳೆಯ ವಾರಪತ್ರಿಕೆಗಳನ್ನು ವರ್ಷವಾರು ಹೊಲಿದು ಇಟ್ಟಿದ್ದರು. ಗೆದ್ದಲು ತಿಂದು ಉಳಿಸಿದ್ದನ್ನು ನಾನು ತಿರುವಿದೆ. ಮುಳುಗಿದ ವರ್ಷ ಸರಿಯಾಗಿ ಗೊತ್ತಿರಲಿಲ್ಲ. ಅಪ್ಪಯ್ಯನ ವಯಸ್ಸಿನಿಂದ ಅಂದಾಜು ಹಾಕಿ ಹುಡುಕಬೇಕಿತ್ತು. ಶನಿವಾರಗಳ ಮೇಲೆ ಶನಿವಾರಗಳು ಹೋದವು. ಪೇಪರಿನ ಧೂಳಿಗೆ ಕೆಮ್ಮು ಹತ್ತಿತು. ಕೊನೆಗೊಂದು ದಿನ ಸಿಕ್ಕಿತು, ಅಡಿಕೆ ಧಾರಣೆಯ ಕೆಳಗೆ ಐದಾರು ಸಾಲು. ಹಂಗಾರಕಟ್ಟೆಯ ಅಳಿವೆಯಲ್ಲಿ ಹೆಂಚಿನ ಮಂಜಿ ಮುಳುಗಿ ಬಹಳ ಜನ ಮೃತರಾಗಿದ್ದಾರೆ, ಸರಕಾರದವರು ವಿಚಾರಣೆ ನಡೆಸಲಿದ್ದಾರೆ.

ವಿಚಾರಣೆ! ಆ ಶಬ್ದವನ್ನು ಈ ಸಂಗತಿಯ ಜೊತೆಗೆ ನಾನು ಎಂದೂ ಕೇಳಿರಲಿಲ್ಲ. ಊರಿನಲ್ಲಿ ತೀರ್ಪು ಇತ್ತು, ಶಿಕ್ಷೆ ಇತ್ತು. ವಿಚಾರಣೆಯೊಂದು ನಡೆದಿತ್ತು ಎಂಬ ಮಾತು ಯಾರ ಬಾಯಲ್ಲೂ ಇರಲಿಲ್ಲ.

ವಿಚಾರಣೆಯ ಕಾಗದಗಳು ಕುಂದಾಪುರದ ಒಂದು ಸರಕಾರಿ ಕಚೇರಿಯ ದಫ್ತರದಲ್ಲಿವೆ ಎಂದು ಕೇಳಿ ತಿಳಿದೆ. ಅಲ್ಲಿನ ಗುಮಾಸ್ತರು ಒಳ್ಳೆಯವರೇ. ಆದರೆ ಕಾನೂನು ಬಿಟ್ಟು ಕದಲುವವರಲ್ಲ.

"ನಕಲು ಕೊಡಬಹುದು ಮಾಸ್ಟ್ರೇ. ಆದ್ರೆ ನೀವ್ ಆ ಸುಬ್ಬಾಚಾರಿಯ ಮೊಮ್ಮಗ ಅಂದ್ಹೇಳಿ ನಾನ್ ಹ್ಯಾಂಗೆ ನಂಬುದ್? ನಿಮ್ಮೂರ ಪಟೇಲ್ರ ಹತ್ರ ಜನನ ಮರಣದ ಪುಸ್ತಕ ಇರತ್ತ್. ಅದ್ರಿಂದ ಬರಸ್ಕಂಡ್ ಬನ್ನಿ."

ಪಟೇಲರ ಮನೆಯ ಚಾವಡಿಯಲ್ಲಿ ಆ ಪುಸ್ತಕ ತೆಗೆಸಿದೆ. ನನ್ನ ಹುಟ್ಟು ಸಿಕ್ಕಿತು. ಅಜ್ಜಯ್ಯನ ಸಾವು ಸಿಕ್ಕಿತು. ಕೈಯಲ್ಲಿ ಪುಸ್ತಕ ಇದೆಯಲ್ಲ ಎಂದು ಮುಳುಗಿದ ವರ್ಷದ ಹಾಳೆಯನ್ನೂ ಬಿಡಿಸಿದೆ. ಸತ್ತವರ ಹೆಸರುಗಳು ಒಂದರ ಕೆಳಗೊಂದು ಇದ್ದವು, ಎಲ್ಲದರ ಎದುರು ಒಂದೇ ಕಾರಣ: ಅಳಿವೆಯಲ್ಲಿ ಮುಳುಗಿ. ಸೀತಜ್ಜಿಯ ಗಂಡ ಮಂಜುನಾಥ ತಂಡೇಲನ ಹೆಸರು ಮೊದಲಿಗೆ. ಕಟ್ಟಕಡೆಯ ಹೆಸರನ್ನು ಎರಡು ಸಲ ಓದಿದೆ. ವಾಸು, ಸುಬ್ಬಾಚಾರಿಯ ಮಗ, ಹತ್ತೊಂಬತ್ತು ವರ್ಷ.

ಅಪ್ಪಯ್ಯನಿಗೆ ಅಣ್ಣ ಇದ್ದನೆಂದು ನನಗೆ ಗೊತ್ತೇ ಇರಲಿಲ್ಲ.

ಪಟೇಲರನ್ನು ಕೇಳಿದೆ. ಅವರು ನಶ್ಯ ಏರಿಸಿ, "ಹೌದಲೆ. ಹೊಸ ಮಂಜಿ ಹೊರ್ಡತ್ತಿಗೆ ಅದ್ರೊಳ್ಗೆ ಒಬ್ಬ ಆಚಾರಿ ಹೋಪುದ್ ಕ್ರಮ. ಅವ್ರ್ ಮಗನ್ನೇ ಕಳ್ಸಿದ್ರ್" ಎಂದರು, ಪೇಟೆಯ ಸುದ್ದಿ ಹೇಳಿದ ಹಾಗೆ.

"ಹುಳ ಹಿಡ್ದ್ ಮರ ಅಂದ್ ಗೊತ್ತಿದ್ದವ್ರ್ ಅದ್ರೊಳ್ಗೆ ಸ್ವಂತ ಮಗನ್ನ್ ಕಳಸ್ತ್ರಾ ಪಟೇಲ್ರೇ?"

ಅವರು ನಶ್ಯದ ಡಬ್ಬಿ ಮುಚ್ಚಿದರು. ಅಷ್ಟು ವರ್ಷ ಆ ಪುಸ್ತಕ ಅವರ ಮನೆಯ ಪೆಟ್ಟಿಗೆಯಲ್ಲಿತ್ತು. ಅಷ್ಟು ವರ್ಷ ಅವರೂ ಹುಳದ ಕತೆಯನ್ನೇ ಹೇಳಿಕೊಂಡು ಬಂದವರು. ಈ ಪ್ರಶ್ನೆ ಅವರ ತಲೆಗೆ ಬಂದಿರಲಿಲ್ಲ, ದಡದ ಒಬ್ಬರ ತಲೆಗೂ ಬಂದಿರಲಿಲ್ಲ. ಸತ್ತವರನ್ನು ನೆನೆಯುವಾಗ ವಾಸುವನ್ನು ಬಿಟ್ಟುಬಿಟ್ಟರೆ ಕತೆ ಸಲೀಸಾಗುತ್ತಿತ್ತು. ಬಿಟ್ಟುಬಿಟ್ಟರು.

ಮನೆಗೆ ಬಂದು ಅಮ್ಮನನ್ನು ಹಿತ್ತಲಿಗೆ ಕರೆದು ಕೇಳಿದೆ. ಅವಳು ಸೆರಗು ಬಾಯಿಗೊತ್ತಿಕೊಂಡಳು. "ನಿನ್ನ್ ಅಪ್ಪಯ್ಯನ್ ಹತ್ರ ಆ ಹೆಸ್ರ್ ಎತ್ಬೇಡ ಮಗಾ. ಅವ್ರಣ್ಣನ್ನ್ ಅಜ್ಜಯ್ಯನೇ ಕೊಂದ ಅಂದ್ಹೇಳಿ ಅವ್ರ್ ತಿಳ್ಕಂಡದ್ದ್. ನಾನ್ ಈ ಮನಿಗ್ ಬಪ್ಪತ್ತಿಗೇ ಅವ್ರಿಬ್ರಿಗೂ ಮಾತಿಲ್ಲೆ."

ನಕಲು ಸಿಕ್ಕುವಾಗ ಶ್ರಾವಣದ ಮಳೆ ಹಿಡಿದಿತ್ತು. ಅದನ್ನು ಕಚೇರಿಯ ಜಗಲಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಓದಿದೆ. ಇಂಗ್ಲಿಷಿನಲ್ಲಿತ್ತು. ವಿಚಾರಣೆ ನಡೆಸಿದ ಅಧಿಕಾರಿ ತಾವೇ ಹಂಗಾರಕಟ್ಟೆಗೆ ಬಂದು, ದಡಕ್ಕೆ ಬಿದ್ದ ಹಲಗೆಗಳನ್ನು ಒಂದೊಂದಾಗಿ ಸೀಳಿಸಿ ನೋಡಿದ್ದರು. ಮರದಲ್ಲಾಗಲಿ ಕೆಲಸದಲ್ಲಾಗಲಿ ದೋಷ ಇಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು. ಮಂಜಿ ಮುಳುಗಿದ್ದು ಹೊರಲಾರದಷ್ಟು ಹೆಂಚು ಹೇರಿದ್ದರಿಂದ ಮತ್ತು ಕಡಲು ತಣಿಯುವ ಮೊದಲೇ ಅಳಿವೆ ದಾಟಿಸಿದ್ದರಿಂದ. ಎರಡೂ ಮಾಲೀಕರ ಅಪ್ಪಣೆ. ಬೇರೆಯವರಿಗಿಂತ ಮೊದಲು ಬೊಂಬಾಯಿ ಮುಟ್ಟಬೇಕಿತ್ತು ಅವರಿಗೆ. ತಂಡೇಲ ಆಗುವುದಿಲ್ಲ ಎಂದನಂತೆ. ಹಾಗಾದರೆ ಬೇರೆ ತಂಡೇಲನನ್ನು ನೋಡುತ್ತೇನೆ ಎಂದರಂತೆ. ಇದನ್ನು ಹೇಳಿದವನು ಈಜಿ ಬದುಕಿದ ಖಲಾಸಿ. ಅವನು ಸಾಕ್ಷಿ ಹೇಳಿ ಬೊಂಬಾಯಿಗೆ ಹೋದವನು ಮತ್ತೆ ಊರಿಗೆ ಬರಲಿಲ್ಲ.

ಅಜ್ಜಯ್ಯನ ಹೇಳಿಕೆಯೂ ಅದರಲ್ಲಿತ್ತು.

ಮತ್ತೆ ಕಡೆಯಲ್ಲಿ ಒಂದು ಷರಾ. ತೀರ್ಮಾನದ ನಕಲನ್ನು ಮಾಲೀಕರ ಅರ್ಜಿಯ ಮೇರೆಗೆ ಅವರಿಗೆ ಕೊಡಲಾಗಿದೆ.

ನಾನು ಅದನ್ನು ಮತ್ತೆ ಮತ್ತೆ ಓದಿದೆ. ಅಂದರೆ ದೊಡ್ಡ ಸಾವ್ಕಾರ್ರ ಮನೆಯಲ್ಲಿ ಇದೇ ಕಾಗದ ಇತ್ತು; ಇಂಗ್ಲಿಷ್ ಬಾರದ ದಡದ ಜನರಿಗೆ ಅದರ ಸುದ್ದಿ ಮುಟ್ಟಿರಲಿಲ್ಲ. ಅವರು ಅದನ್ನು ಓದಿ, ಮಡಚಿ, ಒಳಗಿಟ್ಟು, ಹೊರಗೆ ಬಂದು ದಡದ ಜನರ ಎದುರು ಸುಮ್ಮನೆ ನಿಂತಿದ್ದರು. ಹುಳದ ಮಾತನ್ನು ಅವರೇ ಹುಟ್ಟಿಸಿದರೋ ಬೇರೆ ಯಾರು ಹುಟ್ಟಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ಒಂದು ಮಾತಿನಲ್ಲಿ ಕೊಲ್ಲಬಹುದಿತ್ತು, ಕೊಲ್ಲಲಿಲ್ಲ. ಆ ಮಳೆಯಲ್ಲಿ ಬಸ್ಸಿಗೂ ಕಾಯದೆ ಕೋಟೇಶ್ವರದವರೆಗೆ ನಡೆದೆ. ಕಾಗದ ಎದೆಯ ಹತ್ತಿರ ಬಾಳೆಯೆಲೆಯಲ್ಲಿ ಸುತ್ತಿತ್ತು. ದಾರಿಯಲ್ಲಿ ಏನೇನೋ ಬೈದೆ. ಎದುರು ಬಂದ ಗಾಡಿಯವನೊಬ್ಬ ಎತ್ತುಗಳನ್ನು ಪಕ್ಕಕ್ಕೆ ಸರಿಸಿದ.

ಮರುದಿನ ಭಾನುವಾರ. ಅಪ್ಪಯ್ಯ ಗಂಜಿ ಉಂಡು ಎದ್ದ ಮೇಲೆ ಜಗಲಿಯಲ್ಲಿ ಕೂರಿಸಿದೆ. ಶೀನ ಕಂಬಕ್ಕೆ ಒರಗಿ ನಿಂತ. ಅಮ್ಮ ಬಾಗಿಲಲ್ಲಿ. ಎಂತದ್ದು ಏನು ಎಂದು ಹೇಳದೆ ಅಜ್ಜಯ್ಯನ ಹೇಳಿಕೆಯನ್ನು ಕನ್ನಡ ಮಾಡುತ್ತಾ ಓದಲು ಶುರುಮಾಡಿದೆ. ಶಾಲೆಯ ಮಾಸ್ಟ್ರ ಕನ್ನಡ.

"ಹೆಚ್ಚಿನ ಭಾರವನ್ನು ಹೇರಕೂಡದೆಂದು ತಾನು ಮಾಲೀಕರಿಗೆ ತಿಳಿಸಿದ್ದಾಗಿಯೂ, ಮಾಲೀಕರು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲವೆಂದೂ ಸಾಕ್ಷಿಯು..."

"ಯಾರದ್ ಅದ್?" ಎಂದರು ಅಪ್ಪಯ್ಯ.

"ಅಜ್ಜಯ್ಯಂದ್."

"ಸುಳ್ಳ್. ಅವ್ರ್ ಹಾಂಗ್ ಮಾತಾಡುದಿಲ್ಲೆ."

ನಾನು ಕಾಗದ ಕೆಳಗಿಟ್ಟೆ. ಅಜ್ಜಯ್ಯ ಹೇಳಿದ್ದನ್ನು ಒಬ್ಬ ಗುಮಾಸ್ತ ಇಂಗ್ಲಿಷ್ ಮಾಡಿದ್ದ, ಅದನ್ನು ನಾನು ಪುಸ್ತಕದ ಕನ್ನಡ ಮಾಡಿದ್ದೆ. ಅವರ ಬಾಯಿಂದ ಅದು ಹೇಗೆ ಬಂದಿರಬೇಕೋ ಹಾಗೆ ಹೇಳಿದೆ. "ಸಾವ್ಕಾರ್ರೇ, ಇನ್ನೊಂದ್ ಹೆಂಚ್ ಹಾಕುಕಾತಿಲ್ಲೆ ಅಂದೆ. ಕೇಂಡಿಲ್ಲೆ. ಕಡ್ಲ್ ಇನ್ನೂ ಕುದೀತಾ ಇತ್ತ್, ನಾಲ್ಕ್ ದಿನ ತಡೀರಿ ಅಂದೆ. ಕೇಂಡಿಲ್ಲೆ. ನನ್ ಮಗ ಅದ್ರೊಳ್ಗೆ ಇದ್ದ, ಅವನ್ನ್ ಇಳ್ಸಿ ಅಂದೆ. ಆಚಾರಿ ಇಲ್ದೆ ಮಂಜಿ ಹೋಪುಕಿಲ್ಲೆ ಅಂದ್ರ್. ನಾನ್ ದಡದ್ ಮೇಲೆ ನಿಂತ್ಕಂಡ್ ಕಂಡೆ. ಕಂಡದ್ದಷ್ಟೇ."

ಅಪ್ಪಯ್ಯ ಅಂಗೈಯಿಂದ ಮೊಣಕಾಲನ್ನು ಉಜ್ಜುತ್ತಲೇ ಇದ್ದರು, ಹಲಗೆ ಉಜ್ಜುವ ಹಾಗೆ.

"ಇನ್ನೊಂದ್ ಸಲ ಹೇಳ್" ಎಂದರು.

ಹೇಳಿದೆ. ಅವರು ಎದ್ದು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಏನೋ ಒಡೆಯುವ ಸದ್ದು. ಹೋಗಿ ನೋಡಿದರೆ ಅಜ್ಜಯ್ಯ ಕೂರುತ್ತಿದ್ದ ಮಾಡಿನ ಕಂಬವನ್ನು ಕೊಡಲಿಯಿಂದ ಕಡಿಯುತ್ತಿದ್ದರು. ನಾವು ಯಾರೂ ತಡೆಯಲಿಲ್ಲ. ಮಾಡು ಕುಸಿದು ಬಿದ್ದ ಮೇಲೆ, ಮಳೆಯಲ್ಲೇ, ಆ ಒದ್ದೆ ಸೋಗೆಯ ಮೇಲೆ ಕೂತರು.

ಸೋಮವಾರ ಶಾಲೆಗೆ ಹೋಗುವ ಮೊದಲು ಮಾಧವಯ್ಯನವರ ಮನೆಗೆ ಹೋದೆ. ಅವರು ಚಾವಡಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ನಾನು ಕೈ ಮುಗಿಯದೆ ನಿಂತದ್ದನ್ನು ಗಮನಿಸಿದರು. ಕಾಗದವನ್ನು ಅವರ ಎದುರು ಹಿಡಿದೆ. ಮೊದಲ ಸಾಲು ಓದಿದವರೇ ಮಡಚಿ ನನಗೇ ಕೊಟ್ಟರು.

"ಇದ್ ನಂಗ್ ಗೊತ್ತಿತ್ತ್ ಮಾಸ್ಟ್ರೇ."

"ಯಾವಾಗಿಂದ?"

"ಅಪ್ಪಯ್ಯ ಹೋಪತ್ತಿಗೆ ಹೇಳಿದ್ರ್. ಅದ್ಕೇ ಅಲ್ದೆ ನಿಮ್ಮನ್ನ್ ಓದ್ಸಿದ್ದ್? ಆ ಮನಿಗೆ ಎಂತಾದ್ರೂ ಒಂದ್ ಮಾಡ್ ಅಂದಿದ್ರ್. ಮಾಡಿದೆ."

ತಲೆಯೊಳಗೆ ಹೋದ ಅಕ್ಷರವನ್ನೆಲ್ಲ ಅಲ್ಲೇ ಕಾರಿಬಿಡಬೇಕು ಅನ್ನಿಸಿತು. ಇವರು ನನ್ನನ್ನು ಓದಿಸಿದ್ದು ತಾವು ಬಾಯಿ ಮುಚ್ಚಿಕೊಂಡದ್ದಕ್ಕೆ ಬದಲಾಗಿ. ನಾನು ಪ್ರತಿ ಸಲ ಕೈ ಮುಗಿದಾಗಲೂ ಇವರಿಗೆ ಗೊತ್ತಿತ್ತು.

"ದಡದವ್ರನ್ನ್ ಕರ್ಸಿ ಒಂದ್ ಮಾತ್ ಹೇಳಿ" ಎಂದೆ. "ಮರ ಸರಿ ಇದ್ದಿತ್ತ್ ಅಂದ್ ಹೇಳಿ. ಅಷ್ಟೇ ಸಾಕ್. ನಿಮ್ಮಪ್ಪಯ್ಯನ್ ಹೆಸ್ರ್ ಎತ್ತುದೂ ಬೇಡ."

"ಮರ ಸರಿ ಅಂದ್ರೆ ಮತ್ಯಾರ್ದ್ ತಪ್ಪ್ ಅಂದ್ ಕೇಣ್ತ್ರಲೆ? ಆ ಶಾಲಿಗೆ ಅಪ್ಪಯ್ಯನ್ ಹೆಸ್ರಿತ್ತ್. ಅಷ್ಟ್ ಮಕ್ಕಳ್ ಓದ್ತೊ. ಹಳಿ ಕತಿ ಎಬ್ಸಿ ನಿಮ್ಗೆಂತ ಸಿಕ್ಕತ್ತ್? ಶೀನನ್ನ್ ಬೇಕಾರೆ ನನ್ ಅಂಗಡಿಯೊಳ್ಗೆ ಕೆಲ್ಸಕ್ಕ್ ಹಾಕ್ಕಂತೆ. ಹೋಯ್ನಿ, ಗಂಟಿ ಹೊಡ್ದಾಯ್ತ್."

ಗಂಟೆ ಹೊಡೆದಿತ್ತು. ನಾನು ಶಾಲೆಗೆ ಹೋಗಲಿಲ್ಲ. ನೆಟ್ಟಗೆ ಸೀತಜ್ಜಿಯ ಗುಡಿಸಲಿಗೆ ಹೋದೆ.

ಅವಳು ಒಲೆಯ ಹತ್ತಿರ ಕೂತು ಒಣಮೀನು ಸುಡುತ್ತಿದ್ದಳು. ನನ್ನನ್ನು ಕಂಡು ಕೈಯಲ್ಲಿದ್ದ ಕೊಳ್ಳಿಯನ್ನೇ ಎತ್ತಿದಳು. "ಯಾರ್ ಕರ್ದದ್ದ್ ನಿನ್ನ್? ಇಳಿ ಅಂಗ್ಳದಿಂದ!"

"ಸೀತಜ್ಜಿ, ನಿನ್ ಗಂಡ ಹೋಪುಕಿಂತ ಮುಂಚೆ ಎಂತ ಹೇಳಿದ ಅಂದ್ ಇದ್ರೊಳ್ಗ್ ಇತ್ತ್. ಬೇಕಾರೆ ಓದ್ತೆ, ಬೇಡದಿದ್ರೆ ಹೋತೆ."

ಕೊಳ್ಳಿ ಕೆಳಗಿಳಿಯಿತು. ನಾನು ಮಳೆಯಲ್ಲಿ ಅಂಗಳದಲ್ಲೇ ನಿಂತು ಓದಿದೆ. ಖಲಾಸಿಯ ಹೇಳಿಕೆ. ತಂಡೇಲ ಸಾವ್ಕಾರ್ರಿಗೆ ಅಡ್ಡ ನಿಂತದ್ದು. ಅಳಿವೆಯಲ್ಲಿ ಅಲೆ ಏರಿ ಬಂದಾಗ, ಅರ್ಧ ಹೆಂಚು ಕಡಲಿಗೆ ಎಸೆಯಿರಿ ಎಂದು ಕೂಗಿದ್ದು. ಮಂಜಿ ಮಗುಚುವ ಹೊತ್ತಿಗೆ ಅವನ ಕೈ ವಾಸುವಿನ ತೋಳಿನ ಮೇಲಿದ್ದದ್ದು, ಹುಡುಗನಿಗೆ ಈಜು ಬರುತ್ತಿರಲಿಲ್ಲವೆಂದು.

ಒಲೆಯ ಮೇಲೆ ಮೀನು ಕರಟಿ ಕಪ್ಪಾಯಿತು.

"ನಂಗ್ ಇದನ್ನ್ ಇಷ್ಟ್ ವರ್ಷ ಯಾರೂ ಎಂತಕ್ ಹೇಳಿಲ್ಲೆ?" ಎಂದಳು. "ಸಾವ್ಕಾರ್ರ ಮನಿಯವ್ರಿಗೆ ಗೊತ್ತಿದ್ದಿತ್ತಾ?"

"ಗೊತ್ತಿದ್ದಿತ್ತ್. ಈಗ ಕೇಂಡ್ಕಂಡೇ ಬಂದೆ."

ಅವಳು ಎದ್ದಳು. ಮಳೆಗೆ ತಲೆಯ ಮೇಲೆ ಎಲೆಯ ಗೊರಬನ್ನೂ ಹಾಕಿಕೊಳ್ಳಲಿಲ್ಲ. ಗಾಳಿಗೆ ಬಾಗಿ ಹೋಗುವ ಅವಳ ಹಿಂದೆಯೇ ನಾನು ಹೋದೆ. ದಾರಿಯಲ್ಲಿ ಬಲೆ ಹೊಲಿಯುತ್ತಿದ್ದ ಹೆಂಗಸರಿಗೆ, "ಹ್ವಾಯ್, ಬನ್ನಿ ಕಾಂಬ" ಎಂದಳು ಅಷ್ಟೇ. ಬಲೆ ಬಿಟ್ಟು ಬಂದರು. ಮಾಧವಯ್ಯನವರ ಅಂಗಳ ತಲುಪುವಾಗ ದಡದ ಅರ್ಧ ಊರು ಅಲ್ಲಿತ್ತು. ಸುದ್ದಿ ತಿಳಿದು ಅಪ್ಪಯ್ಯ ಮತ್ತು ಶೀನನೂ ಬಂದು ಹಿಂದೆ ನಿಂತಿದ್ದರು.

ಸೀತಜ್ಜಿ ಅಂಗಳದ ನಡುವೆ ನಿಂತು ಮನೆಯ ಕಡೆ ಮುಖ ಮಾಡಿ ಕೂಗಿದಳು. "ಸಾವ್ಕಾರ್ರೇ, ಹೊರಗ್ ಬನ್ನಿ. ನಿಮ್ಮಪ್ಪ ಎಷ್ಟ್ ಹೆಂಚ್ ಹೇರ್ಸಿದ ಅಂದ್ ಹೇಳಿ. ನನ್ ಗಂಡ ಬೇಡ ಅಂದದ್ದ್ ಹೌದಾ ಅಲ್ದಾ, ಹೇಳಿ. ಇಷ್ಟ್ ವರ್ಷ ನಾನ್ ಒಂದ್ ಮನಿ ಎದ್ರ್ ಉಗೀತಾ ಬಂದೆ, ನೀವ್ ಕಂಡ್ಕಂಡ್ ಸುಮ್ನೆ ಕೂಕಂಡಿರಿ! ನಾನ್ ಉಗುದ್ದ್ ನಿಮ್ಗ್ ಬೀಳ್ಬೇಕಿದ್ದಿತ್ತ್!"

ಬಾಗಿಲು ಮುಚ್ಚಿತು. ಒಳಗಿಂದ ಅಗುಳಿ ಹಾಕಿದ ಸದ್ದು ನಮಗೆಲ್ಲ ಕೇಳಿತು.

ಆಗ ಅವಳು ಸತ್ತವರ ಹೆಸರು ಹೇಳಲು ಶುರುಮಾಡಿದಳು. ಒಂದೊಂದೇ ಹೆಸರು, ಮುಚ್ಚಿದ ಬಾಗಿಲಿಗೆ. ಪ್ರತಿ ಹೆಸರಿಗೂ ಗುಂಪಿನಲ್ಲಿ ಯಾರಾದರೂ ಒಬ್ಬರು ಹೂಂಗುಟ್ಟಿದರು. ತನ್ನ ಗಂಡನ ಹೆಸರನ್ನು ಮಾತ್ರ ಅವಳ ನಾಲಗೆ ಹೇಳಲಿಲ್ಲ, ಬೇರೊಬ್ಬಳು ಹೇಳಿದಳು. ಕಡೆಗೆ ಸೀತಜ್ಜಿ ತಿರುಗಿ ಅಪ್ಪಯ್ಯನನ್ನು ನೋಡಿ, "ಸುಬ್ಬಾಚಾರ್ರ ಮಗ ವಾಸು" ಎಂದಳು. ಅಪ್ಪಯ್ಯ ಶೀನನ ತೋಳು ಹಿಡಿದುಕೊಂಡರು. ಶೀನ ಹೂಂ ಎಂದ.

ಇಷ್ಟೆಲ್ಲ ಆದ ಮೇಲೆ ಏನೋ ದೊಡ್ಡ ನ್ಯಾಯ ಆಯಿತೆಂದು ನೀವು ತಿಳಿದರೆ ತಪ್ಪು. ಮಾಧವಯ್ಯ ಯಾವತ್ತೂ ಬಾಯಿ ಬಿಡಲಿಲ್ಲ. ಶಾಲೆಯ ಹೆಸರೂ ಬದಲಾಗಲಿಲ್ಲ, ಪಟವೂ ಇಳಿಯಲಿಲ್ಲ. ಹೇಳದೆ ರಜೆ ಮಾಡಿದ್ದಕ್ಕೆ ನನ್ನನ್ನು ಕೆಲಸದಿಂದ ತೆಗೆದರು. ಹಲವರು ನನ್ನನ್ನೇ ಬೈದರು. ಉಂಡ ಮನೆಗೆ ಎರಡು ಬಗೆದವನು ಎಂದರು. ಆದರೆ ಸೀತಜ್ಜಿಯ ಅಕ್ಕನ ಮಗ ತನ್ನ ದೋಣಿಯನ್ನು ನಮ್ಮ ಅಂಗಳಕ್ಕೆ ಎಳೆದು ತಂದು ಶೀನನಿಗೆ ಒಪ್ಪಿಸಿದ. ಅದನ್ನು ನೋಡಿ ಇನ್ನೊಬ್ಬ ತಂದ. ಮಂಜಿಯ ಕೆಲಸಕ್ಕೆ ಶೀನನನ್ನು ಕರೆಯಲು ಮತ್ತೂ ಎರಡು ವರ್ಷ ಬೇಕಾಯಿತು. ಸೀತಜ್ಜಿ ನಮ್ಮ ಮನೆಯ ಎದುರು ಹಾದುಹೋಗುವಾಗ ಬುಟ್ಟಿ ಇಳಿಸಿ, ಅಮ್ಮನಿಗೆ ಎರಡು ಮೀನು ಕೊಟ್ಟು ಹೋಗುತ್ತಿದ್ದಳು. ಕ್ಷಮಿಸು ಎಂದು ಅವಳು ಹೇಳಲಿಲ್ಲ. ಅಮ್ಮ ಕೇಳಲೂ ಇಲ್ಲ.

ನನಗೆ ಬೈಂದೂರಿನ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ನವರಾತ್ರಿ ಮುಗಿದ ಮೇಲೆ ಹೊರಟೆ. ಮಳೆ ನಿಂತು ಗದ್ದೆಗಳೆಲ್ಲ ಹಳದಿಗೆ ತಿರುಗಿದ್ದವು. ಅಪ್ಪಯ್ಯ ನನ್ನ ಟ್ರಂಕು ಹೊತ್ತು ಸಾಸ್ತಾನದವರೆಗೆ ಬಂದರು. ಕೊಡಿ ಎಂದರೂ ಕೊಡಲಿಲ್ಲ. ಬಸ್ಸಿನವನು ಇದ್ದಿಲು ಹಾಕಿ ಗಾಳಿ ತಿರುಗಿಸುತ್ತಿದ್ದಾಗ, ಅವರು ಟ್ರಂಕಿನ ಮೇಲೆ ಕೂತು ನೆಲ ನೋಡುತ್ತಾ ಹೇಳಿದರು.

"ನಿನ್ನ್ ಅಜ್ಜಯ್ಯ ಹೋಪ ದಿನ ನನ್ನ್ ಕರ್ದ್ರ್. ಬಾಯಿಗ್ ನೀರ್ ಬಿಡುಕೆ ಹೋದೆ. ನನ್ ಕೈ ಹಿಡ್ದ್, ಮಗಾ, ಮರ ಒಳ್ಳೇದೇ ಇದ್ದಿತ್ತ್ ಅಂದ್ರ್. ನಾನ್ ಕೈ ಬಿಡ್ಸ್ಕಂಡೆ. ಮುಖ ತಿರ್ಗ್ಸ್ಕಂಡೆ."

ಬಸ್ಸು ಒಮ್ಮೆ ನಡುಗಿ ಶುರುವಾಯಿತು. ಅವರು ಟ್ರಂಕನ್ನು ಎತ್ತಿ ಮೇಲಕ್ಕೆ ಕೊಟ್ಟರು. ನಾನು ಕಿಟಕಿಯಲ್ಲಿ ಕೂತ ಮೇಲೆ ಹತ್ತಿರ ಬಂದು, ಎಂಜಿನಿನ ಸದ್ದಿನಲ್ಲಿ ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. "ಆ ಮನಿಯವ್ರನ್ನ್ ನೀ ಕ್ಷಮ್ಸುದ್ ಬೇಡ. ನನ್ನನ್ನೂ."

ಮೊದಲನೆಯ ಮಾತನ್ನು ಇವತ್ತಿನವರೆಗೆ ನಡೆಸಿಕೊಂಡು ಬಂದಿದ್ದೇನೆ. ಎರಡನೆಯದನ್ನು ಬಸ್ಸು ಮುಂದಿನ ಊರಾದ ಕೋಟ ತಲುಪುವ ಮೊದಲೇ ಮುರಿದೆ.